ಜಗುಲಿಯ ಮಾತು: ಉಪತ್ಯಕೆಯೂ ಅಧಿತ್ಯಕೆಯೂ

ಹುಣಸೆಯ ಹಣ್ಣನ್ನು ವರ್ಷವಿಡೀ ಕೆಡದಂತೆ ಇಡುವ ಕ್ರಮವನ್ನು ಈ ತಿಂಗಳು ಬರೆಯುವೆನೆಂದು ಹಿಂದಿನ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆನು. ಅದನ್ನು ಮುಂದಕ್ಕೆ ಹಾಕಬೇಕಾಗಿ ಬಂದಿದೆ. ವಾಚಕ ಮಹಾಶಯರು ಮನ್ನಿಸಬೇಕು. ನಡುವೆ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಹುಟ್ಟಿತು; ಅದಕ್ಕೆ ನಾನು ಕೊಟ್ಟ ಉತ್ತರವು ತಪ್ಪಾಯಿತು. ಮೂವತ್ತನಾಲ್ಕು ವರ್ಷ ಪರರ ತಪ್ಪುಗಳ ಕೆಳಗೆ ಕೆಂಪು ಗೆರೆ ಎಳೆದವನಿಗೆ ತನ್ನ ತಪ್ಪಿನ ವಿಷಯ ತಿಳಿದ ಮೇಲೆ ಸುಮ್ಮನಿರುವುದು ಕಷ್ಟ.

ನನ್ನ ತಂಗಿಯ ಮಗನು ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸದಲ್ಲಿರುವವನು. ಪುಷ್ಯಮಾಸದಲ್ಲಿ ಎರಡು ದಿನದ ಮಟ್ಟಿಗೆ ನಮ್ಮ ಗೌನಿಪಲ್ಲಿಗೆ ಬಂದಿದ್ದನು. ಬರುವ ಆಷಾಢದಲ್ಲಿ ಮಿತ್ರರೊಡನೆ ಹಿಮಾಲಯದ ಹೂಗಳ ಕಣಿವೆಗೆ ಹೋಗುವನಂತೆ. ತನ್ನ ಮೊಬೈಲಿನಲ್ಲಿ ಅದರ ಚಿತ್ರಗಳನ್ನು ಒಂದೊಂದಾಗಿ ಎಲ್ಲರಿಗೂ ತೋರಿಸಿದನು. ಉತ್ತರಾಖಂಡದ ಆ ಕಣಿವೆಯನ್ನು 1931ರಲ್ಲಿ ಕಾಮೆಟ್ ಶಿಖರವನ್ನೇರಿ ಹಿಂದಿರುಗುತ್ತಿದ್ದ ಸ್ಮೈತ್ ಎಂಬ ಆಂಗ್ಲ ಪರ್ವತಾರೋಹಿಯು ಕಂಡು, ಅದರ ಮೇಲೆ ಒಂದು ಪುಸ್ತಕವನ್ನೇ ಬರೆದು ಲೋಕಪ್ರಸಿದ್ಧವಾಗಿ ಮಾಡಿದನು. 1982ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಚಿತ್ರದಲ್ಲಿ ನೋಡಿದರೂ ಕಣ್ಣು ತಣಿಯುವಂಥ ಸ್ಥಳ, ಅದರಲ್ಲಿ ಸಂದೇಹವಿಲ್ಲ.

ಆಗ ನನ್ನ ಮಗಳ ಮಗಳು, ಒಂಬತ್ತು ವರ್ಷದವಳು, ನನ್ನ ಕಡೆ ತಿರುಗಿ, “ಅಜ್ಜ, ನಮ್ಮ ಜಿಲ್ಲೆಯಲ್ಲಿ ಕಣಿವೆ ಇಲ್ಲವೇ?” ಎಂದು ಕೇಳಿದಳು. ನಾನು ಆಲೋಚಿಸದೆಯೇ, “ಇಲ್ಲ. ನಮ್ಮದು ಬಯಲುಸೀಮೆ” ಎಂದುಬಿಟ್ಟೆನು. ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನಾಕೆಯು ತಲೆಯೆತ್ತದೆ, “ಕೋಲಾರದ ಬೆಟ್ಟವನ್ನು ಯಾರು ಎತ್ತಿಕೊಂಡು ಹೋದರು?” ಎಂದಳು.

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಸಂಸ್ಕೃತದಲ್ಲಿ ಎರಡು ಸೊಗಸಾದ ಶಬ್ದಗಳಿವೆ. ಪರ್ವತದ ಬುಡಕ್ಕೆ ಹತ್ತಿದ ನೆಲ ಉಪತ್ಯಕೆ. ಪರ್ವತದ ಮೇಲೆ ಹರಡಿದ ನೆಲ ಅಧಿತ್ಯಕೆ. ಉಪ, ಅಧಿ ಎಂಬ ಎರಡು ಉಪಸರ್ಗಗಳ ಮೇಲೆ ಒಂದೇ ಪ್ರತ್ಯಯವನ್ನು ಹಾಕಿ ಪಾಣಿನಿಯು ಇವನ್ನು ಸಾಧಿಸಿದ್ದಾನೆ. ಅಮರಸಿಂಹನೂ ತನ್ನ ಕೋಶದ ಶೈಲವರ್ಗದಲ್ಲಿ ಇವೆರಡನ್ನೂ ಜೊತೆಯಾಗಿಯೇ ಇಟ್ಟಿದ್ದಾನೆ. ವರ್ಷಕ್ಕೊಂದು ತರಗತಿಯಂತೆ ಎಷ್ಟು ಮಕ್ಕಳಿಗೆ ಇದನ್ನು ಕಂಠಪಾಠ ಮಾಡಿಸಿರುವೆನೋ ಲೆಕ್ಕವಿಲ್ಲ. ಉದಾಹರಣೆ ಕೇಳಿದವರಿಗೆ “ಹಿಮವತ್ಪರ್ವತ” ಎನ್ನುತ್ತಿದ್ದೆನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ನಮ್ಮ ಗಡಿಸೀಮೆಯ ಮಕ್ಕಳಿಗೆ, ಹಿಮವಂತನನ್ನು ತಾನೂ ಕಾಣದ ಉಪಾಧ್ಯಾಯನು, ಹಿಮವಂತನ ಉದಾಹರಣೆಯನ್ನು ಕೊಟ್ಟನು! ವೇತನದ ಕಾಗದಪತ್ರಗಳಿಗೆಂದೂ, ಪರೀಕ್ಷೆಯ ಮೌಲ್ಯಮಾಪನಕ್ಕೆಂದೂ ನೂರು ಸಲ ಕೋಲಾರಕ್ಕೆ ಹೋಗಿದ್ದೇನೆ. ಊರಿನ ಮಗ್ಗುಲಲ್ಲಿಯೇ ಶತಶೃಂಗವು ನಿಂತಿರುತ್ತದೆ. ಅಂತರಗಂಗೆಯ ಕೊಳದಿಂದ ಮೇಲಕ್ಕೆ ಒಂದು ಹೆಜ್ಜೆಯನ್ನೂ ನಾನು ಇಟ್ಟವನಲ್ಲ.

ನನ್ನಾಕೆಗೆ ಈ ವಿಷಯದಲ್ಲಿ ಇನ್ನೂ ಹಳೆಯ ದೂರೊಂದಿತ್ತು. ಮದುವೆಯಾದ ವರ್ಷ ನನ್ನ ತಾಯಿಯೊಡನೆ ಅವಳು ಕೊಳದವರೆಗೆ ಹೋಗಿ ಬಂದಿದ್ದಳು. ಬೆಟ್ಟದ ತುದಿಯನ್ನು ನೋಡಬೇಕೆಂದು ಅಂದು ಆಸೆಪಟ್ಟಳಂತೆ. ಬೇಸಗೆಯ ರಜಕ್ಕೆ ಕರೆದುಕೊಂಡು ಹೋಗುವೆನೆಂದು ನಾನು ಹೇಳಿದೆನಂತೆ. ಆ ರಜವು ಬರಲೇ ಇಲ್ಲ. ಈಗ ಅವಳ ಮೊಣಕಾಲುಗಳು ಮೆಟ್ಟಿಲನ್ನು ಕಂಡರೆ ಮುನಿಯುತ್ತವೆ. “ನೀವು ವ್ಯಾಕರಣದಲ್ಲಿ ಬೆಟ್ಟ ಹತ್ತಿದವರು” ಎಂದು ಅವಳು ಹೇಳಿದಾಗ ಅದಕ್ಕೆ ಪ್ರತ್ಯುತ್ತರವು ಯಾವ ಶಾಸ್ತ್ರದಲ್ಲಿಯೂ ನನಗೆ ಸಿಕ್ಕಲಿಲ್ಲ. ಮರುದಿನವೇ ಎಲ್ಲರೂ ಹೊರಡುವುದೆಂದು ನಿಶ್ಚಯಿಸಿದೆವು.

ಇಲ್ಲಿ ಕೆಲವು ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು. ಗೌನಿಪಲ್ಲಿಯವರಿಗೆ ಗಡಿ ದಾಟಿದರೆ ಮದನಪಲ್ಲಿ. ಅದರಾಚೆ ಋಷಿವ್ಯಾಲಿ, ಹಾರ್ಸ್ಲಿ ಬೆಟ್ಟ. ಅಲ್ಲಿಗೇಕೆ ಹೋಗಲಿಲ್ಲವೆಂದು. ಅವೂ ನೋಡತಕ್ಕ ಸ್ಥಳಗಳೇ. ಹಾರ್ಸ್ಲಿ ಬೆಟ್ಟಕ್ಕೆ ತೆಲುಗರು ಹಿಂದಿನಿಂದ ಏನುಗು ಮಲ್ಲಮ್ಮ ಕೊಂಡ ಎನ್ನುತ್ತ ಬಂದಿದ್ದಾರೆ. ಆನೆಗಳು ಸಾಕಿದ ಮಲ್ಲಮ್ಮನೆಂಬ ಹುಡುಗಿಯ ಕಥೆ ಅದರ ಹಿಂದೆ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಡಪೆಯ ಕಲೆಕ್ಟರನೊಬ್ಬನು ಅಲ್ಲಿ ಬಂಗಲೆ ಕಟ್ಟಿಸಿದನು. ಮಲ್ಲಮ್ಮನ ಬೆಟ್ಟ ಹಾರ್ಸ್ಲಿಯ ಬೆಟ್ಟವಾಯಿತು. ಶತಶೃಂಗವು ಮಾತ್ರ ತನ್ನ ಹೆಸರನ್ನು ಉಳಿಸಿಕೊಂಡಿದೆ. ಆ ಹೆಸರಿನ ವಿಷಯವಾಗಿ ಮುಂದೆ ಹೇಳುತ್ತೇನೆ.

ಆದಿತ್ಯವಾರ ನಸುಕಿನಲ್ಲಿ ಎದ್ದು, ಶ್ರೀನಿವಾಸಪುರದ ಮೇಲೆ ಬಸ್ಸಿನಲ್ಲಿ ಕೋಲಾರವನ್ನು ಸೇರಿದೆವು. ದಾರಿಯ ಎರಡು ಕಡೆಯೂ ಮಾವಿನ ತೋಪುಗಳು ಮಂಜಿನಲ್ಲಿ ನಿಂತಿದ್ದವು. ಅಲ್ಲಲ್ಲಿ ಹೂವು ಕಾಣಿಸಿಕೊಂಡಿತ್ತು. ಕೋಲಾರದಿಂದ ಅಂತರಗಂಗೆಗೆ ಸುಮಾರು ಮೂರು ಕಿಲೋಮೀಟರು. ಆಟೋರಿಕ್ಷಾ ಇಳಿದು ಕಲ್ಲಿನ ಮೆಟ್ಟಿಲುಗಳನ್ನು ನನ್ನಾಕೆಯ ಮೊಣಕಾಲಿನ ಅನುಜ್ಞೆಯಂತೆ ನಿಂತು ನಿಂತು ಏರಿದೆವು. ಮೇಲೆ ಕಾಶೀವಿಶ್ವೇಶ್ವರನ ಗುಡಿ. ಅದರ ಬಳಿಯ ಕೊಳದಲ್ಲಿ ಕಲ್ಲಿನ ಬಸವನ ಬಾಯಿಯಿಂದ ನೀರು ಬೀಳುತ್ತದೆ. ಕಾಶಿಯ ಗಂಗೆಯೇ ಭೂಮಿಯ ಒಳಗೆ ಹರಿದು ಇಲ್ಲಿ ಕಾಣಿಸಿಕೊಳ್ಳುವಳೆಂದು ಜನರ ನಂಬಿಕೆ. ಅದರಿಂದಲೇ ಅಂತರಗಂಗೆ ಎಂಬ ಹೆಸರು.

ತಂಗಿಯ ಮಗನು ಈ ನೀರಿನ ಕಾರಣವನ್ನು ಕೇಳಿದನು. ನಾನು ಬಲ್ಲಷ್ಟನ್ನು ಹೇಳಿದೆನು. ಬೆಟ್ಟವು ಹೊರಗೆ ಒಂದೇ ಬಂಡೆಯಂತೆ ಕಂಡರೂ ಒಳಗೆ ಸಾವಿರ ಬಿರುಕುಗಳಿಂದ ಕೂಡಿದೆ. ಮೇಲಿನ ನೆಲದಲ್ಲಿ ಬಿದ್ದ ಮಳೆಯು ಮಣ್ಣಿನಲ್ಲಿ ಇಂಗಿ, ಬಿರುಕಿನಿಂದ ಬಿರುಕಿಗೆ ಜಿನುಗಿ, ಎಷ್ಟೋ ದಿನಗಳ ಮೇಲೆ ಕೆಳಗೆ ದಾರಿ ಸಿಕ್ಕಿದಲ್ಲಿ ಹೊರಬೀಳುತ್ತದೆ. ಮಳೆ ನಿಂತು ಮೂರು ತಿಂಗಳಾದ ಮೇಲೆಯೂ ಬಸವನ ಬಾಯಿ ಒಣಗದಿರುವುದಕ್ಕೆ ಇದೇ ಕಾರಣ. ಆದುದರಿಂದ ಮೇಲಿನ ಮಣ್ಣೂ ಗಿಡಮರಗಳೂ ಎಷ್ಟು ಉಳಿದಿರುವುವೋ ಕೆಳಗಿನ ಗಂಗೆಯೂ ಅಷ್ಟು. ವರ್ಷಪೂರ್ತಿ ಹರಿಯುವ ನದಿಯೆಂಬುದೇ ಇಲ್ಲದ ನಮ್ಮ ಜಿಲ್ಲೆಯಲ್ಲಿ, ಸಾವಿರ ಅಡಿ ಕೊರೆದರೂ ಧೂಳು ಬರುವ ಕೊಳವೆಬಾವಿಗಳ ನಡುವೆ, ಬೆಟ್ಟವೊಂದು ತಾನಾಗಿ ನೀರು ಕೊಡುವುದನ್ನು ನೋಡಿ ಹಿಂದಿನವರು ಗಂಗೆ ಎಂದುದರಲ್ಲಿ ಆಶ್ಚರ್ಯವೇನು?

ನನ್ನಾಕೆಯು ಅಲ್ಲಿಯೇ ಕುಳಿತಳು. “ನಾನು ಉಪತ್ಯಕೆಯಲ್ಲಿರುತ್ತೇನೆ, ನೀವು ಅದೇನದು, ಅಧಿತ್ಯಕೆಗೆ ಹೋಗಿಬನ್ನಿ” ಎಂದಳು. ಇಷ್ಟು ವರ್ಷ ಒಳಕೋಣೆಯಿಂದ ನನ್ನ ಮನೆಪಾಠವನ್ನು ಅವಳು ಕೇಳುತ್ತಿದ್ದಳೆಂಬುದು ನನಗೆ ಗೊತ್ತಾದುದು ಆಗಲೇ.

ಗುಡಿಯಿಂದ ಮುಂದೆ ಮೆಟ್ಟಿಲುಗಳಿಲ್ಲ. ಬಂಡೆಗಳ ನಡುವೆ ಕಾಲುದಾರಿ. ಮೇಕೆ ಕಾಯುವ ಹುಡುಗನೊಬ್ಬನು ದಾರಿ ತೋರಿಸಲು ಬಂದನು. ಬಾರದಿದ್ದರೆ ನಾವು ಅರ್ಧ ಗಂಟೆಯಲ್ಲಿ ದಿಕ್ಕು ತಪ್ಪುತ್ತಿದ್ದೆವು. ಹೊಸಬರು ಅಲ್ಲಿಯ ದಾರಿ ಬಲ್ಲವರನ್ನು ಬಿಟ್ಟು ಮೇಲಕ್ಕೆ ಹೋಗಕೂಡದು. ಅರಣ್ಯ ಇಲಾಖೆಯವರ ನಿಬಂಧನೆಗಳನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ರಾತ್ರಿಯಲ್ಲಿ ದೀಪ ಹಿಡಿದು ಹತ್ತುವ ಹವ್ಯಾಸವು ಪಟ್ಟಣದ ತರುಣರಲ್ಲಿ ಬೆಳೆದಿದೆಯಂತೆ. ಚಿರತೆಗಳೂ ಇರುವ ಸೀಮೆಯಲ್ಲಿ ಇದನ್ನು ನಾನು ಹೊಗಳಲಾರೆ. ಕೋತಿಗಳ ವಿಷಯ ಬೇರೆ: ಅವು ಹಗಲಿನಲ್ಲಿಯೇ, ನಮ್ಮ ಕಣ್ಣೆದುರಿನಲ್ಲಿಯೇ, ಪುಳಿಯೋಗರೆಯ ಗಂಟನ್ನು ಕಿತ್ತುಕೊಂಡು ಬಂಡೆಯ ಮೇಲೆ ಪಂಕ್ತಿಯಾಗಿ ಕುಳಿತು ಊಟ ಮಾಡಿದವು. ಕೈಯಲ್ಲಿ ಕಾಣುವಂತೆ ಏನನ್ನೂ ಒಯ್ಯಬಾರದೆಂಬುದನ್ನು ಹೀಗೆ ಕಲಿತೆವು.

ದಾರಿಯಲ್ಲಿ ಸೀತಾಫಲದ ಪೊದೆಗಳು, ಜಾಲಿ, ಎಲ್ಲೆಲ್ಲಿಯೂ ನುಗ್ಗಿರುವ ಲಂಟಾನ. ಹೂಗಳ ಕಣಿವೆಯ ಚಿತ್ರಗಳನ್ನು ನೆನೆದು ಬಂದವರಿಗೆ ಇದು ಸಪ್ಪೆಯೆನಿಸಬಹುದು. ನನ್ನ ಮೊಮ್ಮಗಳಿಗೂ ಮೊದಲು ಹಾಗೆಯೇ ಎನಿಸಿ, “ಬರಿಯ ಕಲ್ಲು” ಎಂದಳು. ಆಗ ತಂಗಿಯ ಮಗನೇ ತನ್ನ ಮೊಬೈಲಿನಲ್ಲಿ ಹುಡುಕಿ ನೋಡಿ, ಈ ಸೀಮೆಯ ಕಲ್ಲು ಹುಟ್ಟಿ ಸುಮಾರು ಇನ್ನೂರೈವತ್ತು ಕೋಟಿ ವರ್ಷಗಳಾಗಿವೆಯೆಂದೂ, ಹಿಮಾಲಯವು ಏಳಲಾರಂಭಿಸಿ ಐದು ಕೋಟಿ ವರ್ಷಗಳೆಂದೂ ಹೇಳಿದನು. ಅವಳು ಸ್ವಲ್ಪ ಹೊತ್ತು ಬೆರಳೆಣಿಸಿ, “ಹಾಗಾದರೆ ಹಿಮಾಲಯ ಇನ್ನೂ ತೊಟ್ಟಿಲಲ್ಲಿದೆ” ಎಂದು ತೀರ್ಮಾನಿಸಿದಳು. ಅಲ್ಲಿಂದ ಮುಂದೆ ಪ್ರತಿಯೊಂದು ಬಂಡೆಯನ್ನೂ ಮುಟ್ಟಿಕೊಂಡು ನಡೆದಳು.

ಇಂಥ ಬಂಡೆಗಲ್ಲಿನ ಬೆಟ್ಟಗಳನ್ನೇ ಆರಿಸಿಕೊಂಡು ಬಾಳುವ ಒಂದು ಹಕ್ಕಿ ಉಂಟು: ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲಿಯೂ ಅದು ಇಲ್ಲ. ನಂದಿಬೆಟ್ಟದಲ್ಲಿಯೂ ಹಾರ್ಸ್ಲಿ ಬೆಟ್ಟದಲ್ಲಿಯೂ ಅದನ್ನು ನೋಡಲು ದೂರದೂರದಿಂದ ಜನರು ಬರುತ್ತಾರೆ. ನಮಗೆ ಅಂದು ಅದರ ದರ್ಶನವಾಗಲಿಲ್ಲ. ಸಾಮಾನ್ಯ ಪಿಕಳಾರಗಳು ಮಾತ್ರ ಕೂಗಿದವು. ಬಂಡೆಗಳನ್ನು ಸಿಡಿಸಿ ಜಲ್ಲಿ ಮಾಡುವ ಗಣಿಗಳು ನಮ್ಮ ಸೀಮೆಯಲ್ಲಿ ಎಷ್ಟಾಗಿವೆಯೆಂದು ಬಲ್ಲವರಿಗೆ ಆ ಹಕ್ಕಿಯ ಚಿಂತೆ ಸಹಜವಾಗಿಯೇ ಬರುತ್ತದೆ.

ಗುಹೆಗಳ ವಿಷಯ. ಅಮರನು ಗುಹೆಗೆ ‘ದೇವಖಾತ’ವೆಂಬ ವಿಶೇಷಣವನ್ನು ಇಟ್ಟಿದ್ದಾನೆ, ಮನುಷ್ಯನು ತೋಡದೆ ತಾನಾಗಿ ಆದ ಬಿಲವೆಂದು ಅರ್ಥ. ಇಲ್ಲಿ ತೋಡಿದವರಾರೂ ಇಲ್ಲ. ಬಿಸಿಲಿಗೂ ಮಳೆಗೂ ಬಂಡೆಗಳು ಬಿರುಕು ಬಿಟ್ಟು, ಅಂಚುಗಳು ಸವೆದು ದುಂಡಗಾಗಿ, ಒಂದರ ಮೇಲೊಂದು ಉರುಳಿ ನಿಂತಿವೆ. ನಡುವೆ ಉಳಿದ ತೆರಪುಗಳೇ ಗುಹೆಗಳು. ಒಂದು ಕಡೆ ಮಕ್ಕಳಂತೆ ಅಂಬೆಗಾಲಿಟ್ಟು ಹೋಗಬೇಕು. ನಾನು ನಡುದಾರಿಯಲ್ಲಿ ಸಿಕ್ಕಿಕೊಂಡೆನು. ಮುಂದಕ್ಕೆ ಭುಜ ಬಾರದು, ಹಿಂದಕ್ಕೆ ಕಾಲು ಹೋಗದು. ಕತ್ತಲು. ಎದೆಯ ಬಡಿತವು ಕಲ್ಲಿಗೆ ತಗುಲಿ ನನಗೇ ಕೇಳಿಸುತ್ತಿತ್ತು. ಅರುವತ್ತು ವರ್ಷದಲ್ಲಿ ಕಲಿತ ಯಾವ ಸ್ತೋತ್ರವೂ ನೆನಪಿಗೆ ಬರಲಿಲ್ಲವೆಂದು ನಾಚಿಕೆಯಿಂದಲೇ ಬರೆಯುತ್ತೇನೆ. ಮುಂದಿನಿಂದ ಮೊಮ್ಮಗಳು ಕೈ ಚಾಚಿ, “ಅಜ್ಜ, ಉಸಿರು ಬಿಡಿ. ಹೊಟ್ಟೆ ಒಳಗೆ ಹೋಗುತ್ತದೆ” ಎಂದಳು. ಹಾಗೆ ಮಾಡಿದೆನು. ದಾರಿ ಬಿಟ್ಟಿತು. ಹೊರಗೆ ಬಂದ ಮೇಲೆ ಗೊತ್ತಾಯಿತು, ನೀರಿನ ಬಾಟಲಿಗಳ ಚೀಲವನ್ನು ಕೊಳದ ಬಳಿ ನನ್ನಾಕೆಯ ಪಕ್ಕದಲ್ಲಿಯೇ ಮರೆತು ಬಂದಿದ್ದೇನೆಂದು. ಚೀಲವನ್ನು ಹೊರುವ ಭಾರ ನನ್ನದಾಗಿತ್ತು. ನಾನು ಶಬ್ದಾರ್ಥಗಳಲ್ಲಿ ಮುಳುಗಿದ್ದೆನು.

ಪುಷ್ಯದ ಬಿಸಿಲೂ ಹನ್ನೊಂದು ಗಂಟೆಯಾದ ಮೇಲೆ ಬಂಡೆಯ ಮೇಲೆ ಕಾವೇರುತ್ತದೆ. ಮಗುವಿನ ಮುಖ ಕೆಂಪಾಯಿತು, ತುಟಿ ಒಣಗಿತು. ಇಳಿಯೋಣವೆಂದರೆ ಅದೇ ಗುಹೆ, ಅದೇ ದಾರಿ. ಮೇಕೆಯ ಹುಡುಗನು, “ಮೇಲೆ ಹಳ್ಳಿ ಇದೆ, ಹತ್ತಿರ” ಎಂದನು. ಅವನ ‘ಹತ್ತಿರ’ವು ನಮಗೆ ಮುಕ್ಕಾಲು ಗಂಟೆಯಾಯಿತು. ಕೊನೆಯ ಕಾಲು ಗಂಟೆ ತಂಗಿಯ ಮಗನು ಮಗುವನ್ನು ಬೆನ್ನ ಮೇಲೆ ಹೊತ್ತುಕೊಂಡು ನಡೆದನು. ಯಾರೂ ನನ್ನನ್ನು ಏನೂ ಅನ್ನಲಿಲ್ಲ; ಅಂದಿದ್ದರೆ ಹಗುರವಾಗುತ್ತಿತ್ತು.

ಆಮೇಲೆ ಒಮ್ಮೆಗೇ ಬೆಟ್ಟವು ಸಮನಾಯಿತು. ಎದುರಿಗೆ ಹೊಲಗಳು! ಕೊಯ್ದ ರಾಗಿಯ ಕೂಳೆ, ಹುಲ್ಲಿನ ಮೆದೆ, ಹಂಚಿನ ಮನೆಗಳು, ಕಟ್ಟಿದ ಎಮ್ಮೆ. ತೇರಹಳ್ಳಿ ಮೊದಲಾಗಿ ಬೆಟ್ಟದ ಮೇಲೆ ಏಳು ಹಳ್ಳಿಗಳೆಂದು ಕೋಲಾರದವರ ವಾಡಿಕೆ. ನಾವು ಅವುಗಳಲ್ಲಿ ಒಂದರ ಅಂಚಿಗೆ ಬಂದಿದ್ದೆವು. ದಿಣ್ಣೆ ದಿಣ್ಣೆಗಳ ನಡುವೆ ಹಸಿರಾದ ತಗ್ಗುಗಳು ಮಡಿಸಿ ಇಟ್ಟ ಸೀರೆಯ ನೆರಿಗೆಗಳಂತೆ ಇಳಿದು ಹೋಗಿದ್ದವು. ಇವೇ ಕಣಿವೆಗಳು. ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದು ನಾನು ಹೇಳಿದ್ದ ಕಣಿವೆಗಳು.

ಮೊದಲನೆಯ ಮನೆಯ ಮುಂದೆ ನಡುವಯಸ್ಸಿನ ಹೆಂಗಸೊಬ್ಬಳು ಕಾಳು ಕೇರುತ್ತಿದ್ದಳು. ಮಗುವನ್ನು ನೋಡಿದವಳೇ ನಾವು ಬಾಯಿಬಿಡುವ ಮೊದಲೇ ಒಳಗೆ ಹೋಗಿ ಚೆಂಬಿನಲ್ಲಿ ನೀರು ತಂದಳು. ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕೆಂದು ಹೇಳಿ, ಮಗುವನ್ನು ನೆರಳಿನಲ್ಲಿ ಮಲಗಿಸಿದಳು. ನಾವೂ ಕುಡಿದೆವು. ನಾನು ಮತ್ತೊಂದು ಚೆಂಬು ಕೇಳಿದೆನು. ಅವಳು ಒಳಗೆ ಹೋದಾಗ ಬಾಗಿಲಿನಿಂದ ಸಾಲಾಗಿ ಇಟ್ಟ ಬಿಂದಿಗೆಗಳು ಕಂಡವು; ಹೆಚ್ಚಿನವು ಬೋರಲಾಗಿದ್ದವು. ಆಗ ನನಗೆ ಎರಡನೆಯ ಚೆಂಬು ಗಂಟಲಲ್ಲಿ ಇಳಿಯಲಿಲ್ಲ. ಹಣ ಕೊಡಹೋದರೆ ಅವಳು ನಕ್ಕಳು. “ಕೆಳಗೆ ಬಸವನ ಬಾಯಲ್ಲಿ ಅಷ್ಟು ನೀರು ಬೀಳುತ್ತದೆ. ಅದನ್ನು ಬಿಟ್ಟು ಇಲ್ಲಿಗೆ ಏನು ನೋಡಲು ಬಂದಿರಿ?” ಎಂದು ಕೇಳಿದಳು. ಉತ್ತರವು ನನಗೆ ಹೊಳೆಯಲಿಲ್ಲ. ಆ ಬಸವನ ಬಾಯಲ್ಲಿ ಬೀಳುವ ನೀರು ಈ ಬೆಟ್ಟದ ನೆಲದಲ್ಲಿ ಬಿದ್ದ ಮಳೆಯೇ ಎಂಬುದನ್ನು ಬೆಳಗ್ಗೆ ನಾನೇ ಪಾಠ ಮಾಡಿದ್ದೆನಲ್ಲವೇ?

ಮಗು ಚೇತರಿಸಿಕೊಂಡ ಮೇಲೆ ಬಂಡೆಯೊಂದರ ಮೇಲೆ ಕುಳಿತು ಕೆಳಗೆ ನೋಡಿದೆವು. ಕೋಲಾರದ ಪಟ್ಟಣ, ರಸ್ತೆ, ದೂರದಲ್ಲಿ ಕೆರೆಗಳ ಹೊಳಪು. ಕೆರೆಗಳಲ್ಲಿ ನೀರಿರುವುದಕ್ಕೆ ಕಾರಣವೂ ಒಂದು ಕಣಿವೆಯೇ ಎಂದು ತಂಗಿಯ ಮಗನು ನಗುತ್ತ ಹೇಳಿದನು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿಯ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂತರ್ಜಲವು ಏರಿತೆಂದು ಸಂತೋಷಪಟ್ಟ ರೈತರಿದ್ದಾರೆ. ಮೂರನೆಯ ಹಂತದ ಶುದ್ಧಿಯೂ ಆಗಬೇಕೆಂದು ಹಟ ಹಿಡಿದವರಿದ್ದಾರೆ. ಹಟ ಹಿಡಿದವರ ಪಕ್ಷವೇ ನನ್ನದು. ಕೆರೆಯ ನೀರು ಇಂದಲ್ಲ ನಾಳೆ ಬಾವಿಗೆ ಇಳಿಯುವುದೇ.

ಈಗ ಹೆಸರಿನ ವಿಷಯ. ಮಹಾಭಾರತದಲ್ಲಿ ಪಾಂಡುವು ಕುಂತಿ ಮಾದ್ರಿಯರೊಡನೆ ತಪಸ್ಸಿಗೆ ಹೋದುದು ಶತಶೃಂಗಕ್ಕೆ. ಪಾಂಡವರು ಹುಟ್ಟಿದುದು ಅಲ್ಲಿ. ಆ ಶತಶೃಂಗವು ಗಂಧಮಾದನದ ಆಚೆಯದು, ಹಿಮಾಲಯದ್ದು. ನಮ್ಮ ಹಿರಿಯರು ಅದನ್ನು ಓದಿದವರೇ. ಆದರೂ ಕೋಲಾರದ ಬೆಟ್ಟಕ್ಕೆ ಆ ಹೆಸರನ್ನಿಟ್ಟರು. ಜಮದಗ್ನಿ ರೇಣುಕೆಯರ ಕಥೆಯನ್ನೂ ಇಲ್ಲಿಗೇ ತಂದು ನಿಲ್ಲಿಸಿದರು. ಕಾಶಿಯ ವಿಶ್ವೇಶ್ವರನನ್ನು ಗಂಗೆಯ ಸಮೇತವಾಗಿ ಬರಮಾಡಿಕೊಂಡರು. ಭೂಗೋಳದ ದೃಷ್ಟಿಯಿಂದ ಇದು ತಪ್ಪೆಂದು ತರಗತಿಯಲ್ಲಿ ನಾನೇ ಹೇಳಿದ್ದುಂಟು. ಅಂದು ಆ ಬಂಡೆಯ ಮೇಲೆ ಕುಳಿತಾಗ ಹಾಗೆ ಎನಿಸಲಿಲ್ಲ. ಕಾಲ್ನಡಿಗೆಯ ಕಾಲದಲ್ಲಿ ಕಾಶಿಗೆ ಹೋಗಲಾರದವರು ಮನೆಯಲ್ಲಿ ಬಹಳ ಮಂದಿ ಇದ್ದರು: ಮುದುಕರು, ಬಾಣಂತಿಯರು, ಮೊಣಕಾಲು ನೋಯುವವರು. ಅವರನ್ನು ಬಿಟ್ಟು ಹೋಗಬಾರದೆಂದೇ ಹೀಗೆ ಮಾಡಿದರೋ ಏನೋ!

ನಾನು ಹೀಗೆ ಯೋಚಿಸುತ್ತಿರುವಾಗ ಹಿಂದಿನಿಂದ ಮೋಟಾರಿನ ಸದ್ದಾಯಿತು. ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡ ಒಂದು ಮೋಟಾರ್ ಸೈಕಲ್ಲು, ಅದರ ಹಿಂದೆ ಆಟೋರಿಕ್ಷಾ. ಅದರಿಂದ ನನ್ನಾಕೆಗಿಂತಲೂ ಹಿರಿಯಳಾದ ಮುದುಕಿಯೊಬ್ಬಳು ಸಂತೆಯ ಚೀಲವನ್ನು ಹಿಡಿದು ಇಳಿದಳು. ಬೆಟ್ಟದ ಮೇಲಕ್ಕೆ ರಸ್ತೆಯಿತ್ತು! ಬಹಳ ವರ್ಷಗಳಿಂದ ಇದೆಯೆಂದು ಮನೆಯಾಕೆ ಹೇಳಿದಳು. ಅಲ್ಲಿಗೆ ಹೋಗುವ ದಾರಿ ಯಾವುದೆಂದು ಯಾರನ್ನೂ ಕೇಳದೆ ನಾನು ಹೊರಟಿದ್ದೆನು. ತಂಗಿಯ ಮಗನು ನನ್ನ ಮುಖವನ್ನು ನೋಡಿ ಬೇರೆ ಕಡೆಗೆ ತಿರುಗಿಕೊಂಡನು.

ಅದೇ ಆಟೋರಿಕ್ಷಾದಲ್ಲಿ ಇಳಿದು, ಸುತ್ತಿ ಬಂದು ಕೊಳವನ್ನು ಸೇರಿದಾಗ ಮಧ್ಯಾಹ್ನ ಮೂರು ಗಂಟೆ. ನನ್ನಾಕೆಯು ನೀರಿನ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು. ಅದನ್ನು ಮೇಲಕ್ಕೆ ಕಳುಹಿಸಲು ಹತ್ತುವವರನ್ನೆಲ್ಲ ಕೇಳಿಕೊಂಡಳಂತೆ. ನಾವು ಯಾವ ಕಡೆಗೆ ಹೋದೆವೆಂದು ಹೇಳಲು ಅವಳಿಗೆ ತಿಳಿಯಲಿಲ್ಲ. ಮಗುವನ್ನು ತಬ್ಬಿಕೊಂಡು ನೀರು ಕುಡಿಸಿ, ಎಲ್ಲವನ್ನೂ ಕೇಳಿದಳು. ರಸ್ತೆಯ ವಿಷಯವನ್ನು ನಾನು ಕೊನೆಗೆ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲೇ ವಿಚಾರಿಸಿದ್ದರೆ ನಾನೂ ಬರುತ್ತಿದ್ದೆ” ಎಂದಷ್ಟೇ ಅಂದಳು.

ವಾಚಕರಲ್ಲಿ ಹೋಗಬೇಕೆನ್ನುವವರು ಕಾರ್ತಿಕದಿಂದ ಮಾಘದವರೆಗೆ ಹೋಗಬಹುದು. ಶಿವರಾತ್ರಿ ಕಳೆದ ಮೇಲೆ ಬಂಡೆ ಕಾಯುತ್ತದೆ. ಒಬ್ಬೊಬ್ಬರಿಗೆ ಎರಡು ಲೀಟರು ನೀರು ಬೇಕು, ಅದನ್ನು ಅವರವರೇ ಹೊರಬೇಕು. ಖಾಲಿಯಾದ ಬಾಟಲಿಗಳನ್ನು ಗುಹೆಯ ಸಂದಿಗಳಲ್ಲಿ ತುರುಕಿ ಬರುವವರ ಗುರುತುಗಳನ್ನು ನಾವು ಹೆಜ್ಜೆ ಹೆಜ್ಜೆಗೂ ಕಂಡೆವು. ಅವರು ಈ ಪತ್ರಿಕೆಯನ್ನು ಓದುವವರಲ್ಲವೆಂದು ನಂಬಿದ್ದೇನೆ.

ರಥಸಪ್ತಮಿ ಕಳೆದ ಮೂರನೆಯ ದಿನ ನಾವಿಬ್ಬರೇ ಮತ್ತೆ ಹೋದೆವು. ಈ ಸಲ ರಸ್ತೆಯಿಂದ. ನನ್ನಾಕೆಯು ಆ ಹೆಂಗಸಿಗೆಂದು ಕಳೆದ ಬೇಸಗೆಯಲ್ಲಿ ಹಾಕಿದ ಮಾವಿನ ಉಪ್ಪಿನಕಾಯಿಯ ಒಂದು ಜಾಡಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಎರಡು ಕ್ಯಾನು ನೀರನ್ನು ನಾನು ಹೊತ್ತೆನು. ಅವರಿಬ್ಬರೂ ತೆಲುಗಿನಲ್ಲಿ ಮಾತಿಗೆ ಕುಳಿತರು. ಉಪ್ಪಿನಕಾಯಿ, ಎಮ್ಮೆ, ಸೊಸೆಯಂದಿರು. ಬಂಡೆಯ ಮೇಲಿನಿಂದ ಕಣಿವೆಯನ್ನು ತೋರಿಸಬೇಕೆಂದು ನಾನು ಎರಡು ಸಲ ಕರೆದೆನು. “ಬಂದೆ, ಇರಿ” ಎಂದಳು. ಬಿಸಿಲು ಇಳಿಯುವ ಹೊತ್ತಿಗೆ ಬಂದು, ಬಂಡೆಗೆ ಒರಗಿ ನಿಂತು, ಬಹಳ ಹೊತ್ತು ನೋಡಿದಳು. ನಾನು ಅದಕ್ಕೆ ಅಮರನಲ್ಲಿ ಏನು ಹೆಸರೆಂದು ಹೇಳಲಿಲ್ಲ. ಅವಳೂ ಕೇಳಲಿಲ್ಲ.